ಒಂಬತ್ತನೇ ನಂಬರಿನ ಕೊಳೆ

ನನ್ನನ್ನು ಕೇಳಿ. ಪೇಪರಿನವರು ಬರೆದದ್ದು ಬಿಡಿ.
ನಲವತ್ತೊಂದು ವರ್ಷ ಈ ಕ್ಲಬ್ಬಿನ ಬಟ್ಟೆ ಒಗೆದವಳು, ಜೆಲಿಂದಾ.
ಗೋಲುಗಳ ಲೆಕ್ಕ ಅವರ ಹತ್ತಿರ ಇದೆ,
ಕಲೆಗಳ ಲೆಕ್ಕ ನನ್ನ ಹತ್ತಿರ.

ಹದಿನೇಳಕ್ಕೆ ಬಂದ ಎರ್ಮೆಸ್ ಫೆಲ್ಲೆತ್ತಿ,
ಕೊಮಾಕ್ಯೊದ ಹಿನ್ನೀರಿನಿಂದ, ಸೈಕಲ್ಲಿನ ಮೇಲೆ.
ಅಪ್ಪ ಹಾವುಮೀನು ಹಿಡಿಯುವವನು.
ಎರಡು ಸಲ ಸೋಡಾದಲ್ಲಿ ನೆನೆಸಿದರೂ
ಅಂಗಿಯ ಕಂಕುಳಲ್ಲಿ ಮೀನು ಈಜುತ್ತಿತ್ತು.

ಮೊದಲ ಭಾನುವಾರವೇ ಗೊತ್ತಾಯಿತು:
ಉಳಿದ ಹತ್ತು ಜನ ಮುಗ್ಗರಿಸಿ ಬೀಳುತ್ತಾರೆ,
ಮೊಣಕಾಲಿಗೆ, ಮೊಣಕೈಗೆ, ಎಲ್ಲೆಂದರಲ್ಲಿ ಕೆಸರು.
ಇವನದು ಒಂದೇ ಕಡೆ, ಎಡ ಸೊಂಟದಿಂದ ಪಕ್ಕೆಯವರೆಗೆ,
ಕರಣೆಯಲ್ಲಿ ಎಳೆದ ಗಾರೆಯಂತೆ.
ಚೆಂಡು ಇನ್ನು ಸಿಗದು ಅಂತ ಎಲ್ಲರೂ ಕೈಬಿಟ್ಟ ಮೇಲೆ
ಅದರ ಕೆಳಗೆ ಜಾರಿಹೋಗುವವನ ಕೊಳೆ ಅದು.
ಅಂಥ ಕೊಳೆಗೆ ಬೇರೆಯೇ ಬಕೆಟ್ಟು ಇಟ್ಟೆ.
ಇಪ್ಪತ್ತೆರಡು ಗೋಲು ಆ ವರ್ಷ. ಎರಡು ಅಂಗಿ ಹರಿದವು.

ಆಮೇಲೆ ಮಾರಿದರು, ಉತ್ತರದ ದೊಡ್ಡ ಊರಿಗೆ.
ಅಲ್ಲಿ ಮೆಷಿನ್ನು ಒಗೆಯುತ್ತದಂತೆ, ಒಂದು ಅಂಗಿ ಒಂದೇ ಆಟಕ್ಕಂತೆ.
ಸೇತುವೆಯ ಪಕ್ಕದ ಬಾರಿನ ಟೀವಿಯಲ್ಲಿ ನೋಡುತ್ತಿದ್ದೆ,
ಅವನ ಮುಖವನ್ನಲ್ಲ, ಎಡ ಸೊಂಟವನ್ನು.
ಮೊದಲ ವರ್ಷ ಹಸಿರು. ಎರಡನೇ ವರ್ಷ ಹಸಿರು.
ಮೂರನೇ ವರ್ಷ ಆ ಪೆನಾಲ್ಟಿ:
ಕಂಬಕ್ಕೆ ಬಡಿದ ಸದ್ದು ಟೀವಿಯಿಂದ ನೇರ ನನ್ನ ಹಲ್ಲಿಗೆ ಬಂತು.
ಬಾರಿನವ ಲೋಟ ಒರೆಸುವುದನ್ನು ನಿಲ್ಲಿಸಿದ.
ಪೆನಾಲ್ಟಿಯಲ್ಲಿ ಜಾರುವ ಹಾಗಿಲ್ಲ ನೋಡಿ,
ನಿಂತು, ಉಸಿರು ಕಟ್ಟಿ, ಶುಭ್ರವಾಗಿ ಒದೆಯಬೇಕು.
ಅದು ಅವನಿಗೆ ಬರುತ್ತಿರಲಿಲ್ಲ.

ಮಂಡಿ ಹೋಯಿತು. ಹೆಂಡತಿ ಹೋದಳು, ಅಥವಾ ಇವನೇ ಹೋದ;
ಅದು ಒಗೆಯುವವಳಿಗೆ ತಿಳಿಯುವ ಮಾತಲ್ಲ.
ಮೂವತ್ತನಾಲ್ಕಕ್ಕೆ ನಮ್ಮಲ್ಲಿಗೇ ವಾಪಸು.
ಆ ವರ್ಷ ಅವನ ಅಂಗಿ ಬುಟ್ಟಿಗೆ ಬಿದ್ದಾಗಲೆಲ್ಲ
ಇಸ್ತ್ರಿಯ ಮಡಿಕೆ ಕೂಡ ಮುರಿದಿರುತ್ತಿರಲಿಲ್ಲ.
ಬೇಕೆಂತಲೇ ಹೆಚ್ಚು ಹೊತ್ತು ಉಜ್ಜುತ್ತಿದ್ದೆ,
ಹೊಸ ಹುಡುಗರು ನೋಡಲಿ ಅಂತ.

ಕೋಚ್ ಆದ. ಕಪ್ಪು ಉದ್ದ ಕೋಟು,
ನನ್ನ ಕೈಗೆ ಬರುವ ಬಟ್ಟೆಯಲ್ಲ.
ಬಂದದ್ದು ಕರ್ಚೀಫು, ಅಂಚು ಕಚ್ಚಿ ಕಚ್ಚಿ ನೂಲೆದ್ದದ್ದು,
ಪ್ಯಾಂಟಿನ ಜೇಬಲ್ಲಿ ಮರೆತ ಚೀಟಿ:
ಹನ್ನೊಂದು ಹೆಸರು, ಒಂದಕ್ಕೆ ಅಡ್ಡಗೆರೆ,
ಗೆರೆಯ ಮೇಲೆ ಮತ್ತೆ ಅದೇ ಹೆಸರು.

ಕಿರುಚುತ್ತಿದ್ದ. ಪೋ ನದಿಯ ಮಂಜು ಮೈದಾನ ನುಂಗಿದಾಗಲೂ
ಆಚೆ ಗೋಲಿನ ತನಕ ಅವನ ಗಂಟಲು:
"ಬೀಳೋ! ಬೀಳೋದು ಕಲಿಯೋ!"
ಹುಡುಗರು ನಿಂತೇ ಇದ್ದರು.
ಏಳು ಆಟ, ಏಳು ಸೋಲು.

ಏಳನೆಯ ರಾತ್ರಿ ಒಗೆಯುವ ಕೋಣೆಗೆ ಬಂದ.
ಹೇಳದೆ ಕೇಳದೆ ತೋಳು ಮಡಚಿ
ಹಬೆಯಾಡುವ ನೀರಿಗೆ ಒಂದು ಅಂಗಿ ಅದ್ದಹೊರಟ.
ಕೈಗೆ ಹೊಡೆದೆ. ಕೋಚ್ ಆದರೇನು.
ಹುಲ್ಲಿಗೆ, ರಕ್ತಕ್ಕೆ, ಮೊದಲು ತಣ್ಣೀರು, ಎರ್ಮೆಸ್.
ಬಿಸಿ ತಾಗಿದರೆ ಕಲೆ ನೂಲಿಗೇ ಕಚ್ಚಿಕೊಳ್ಳುತ್ತದೆ,
ಜನ್ಮಕ್ಕೂ ಬಿಡುವುದಿಲ್ಲ.
ಆಮೇಲೆ ವಿನೆಗರು. ಆಮೇಲೆ ಸುಮ್ಮನೆ ಕಾಯುವುದು.
ತಣ್ಣೀರಿಂದ ಎತ್ತಿದ ಅಂಗಿ ಹಿಡಿದು ಬಹಳ ಹೊತ್ತು ನಿಂತ.
ಹಿಂಡಲಿಲ್ಲ. ನೀರೆಲ್ಲ ಬೂಟಿನ ಮೇಲೆ ಸುರಿಯಿತು.

ಮುಂದೆ ಗೆದ್ದರು ಅಂತ ಹೇಳುವ ಆಸೆ ನನಗೂ ಇದೆ.
ಎರಡು ಗೆದ್ದರು, ನಾಲ್ಕು ಡ್ರಾ.
ಕೆಳಗಿನ ದರ್ಜೆಗೆ ಇಳಿಯುವುದು ತಪ್ಪಲಿಲ್ಲ.
ಸಂಬಳ ಅರ್ಧ ಮಾಡಿದರು; ಆ ದುಡ್ಡಿಗೆ ಬೇರೆ ಯಾರೂ ಬಾರದೆ ಅವನೇ ಉಳಿದ.
ಆದರೆ ಈಗ ಹಾಫ್‌ಟೈಮಿನಲ್ಲಿ ಗೋಡೆಗೆ ಕಿವಿಯಿಟ್ಟರೆ
ಲೋಟಕ್ಕೆ ನೀರು ಬಗ್ಗಿಸುವ ಸದ್ದು,
ಮೆಲ್ಲಗೆ ಒಬ್ಬೊಬ್ಬರ ಹೆಸರು.

ಕಳೆದ ಭಾನುವಾರ ಬುಟ್ಟಿಯಲ್ಲಿ ಒಂಬತ್ತನೇ ನಂಬರು.
ಒಸ್ತೆಲ್ಲಾತೊದ ಹುಡುಗ, ಹೆಸರಿನ್ನೂ ಬಾಯಿಗೆ ಕೂತಿಲ್ಲ.
ಎಡ ಸೊಂಟದಿಂದ ಪಕ್ಕೆಯವರೆಗೆ
ಒಂದೇ ಎಳೆತ.
ಕರೆದೆ. ಬಂದ, ಕನ್ನಡಕ ಏರಿಸಿದ,
ಬಲ್ಬಿನ ಕೆಳಗೆ ಹಿಡಿದು ನೋಡಿದ, ಹೆಬ್ಬೆರಳಲ್ಲಿ ಮಣ್ಣು ಮುಟ್ಟಿದ.
"ಇದನ್ನ ಒಗೀಬೇಡ," ಅಂದ, "ಹೀಗೇ ಇರಲಿ."

ಹುಚ್ಚ.
ಬುಧವಾರ ಮತ್ತೆ ಆಟ, ಹುಡುಗನಿಗೆ ಇರುವುದು ಒಂದೇ ಅಂಗಿ.
ನಲ್ಲಿ ತಿರುಗಿಸಿದೆ. ತಣ್ಣೀರಿನದು.